ಬಾಯಿಪಾಠದ ಪ್ರಾರ್ಥನೆಗೆ ಅರ್ಥ ಕಲಿಯುವ ಹೊತ್ತು

ಕೊಲ್ಲಿ ರಾಷ್ಟ್ರಗಳ ಶಾಲೆಗಳಲ್ಲಿ ಓದುವ ನಮ್ಮ ಕ್ರೈಸ್ತ ಮಕ್ಕಳಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಗಳಿವೆ. ಊಟದ ವಿರಾಮದಲ್ಲಿ ಪಕ್ಕದಲ್ಲಿ ಕುಳಿತ ಗೆಳೆಯ ಕೇಳುತ್ತಾನೆ: "ನಿಮಗೆ ಮೂರು ದೇವರಂತೆ, ಹೌದಾ?" ಇನ್ನೊಬ್ಬಳು ಕೇಳುತ್ತಾಳೆ: "ನೀವು ಮೇರಿಯನ್ನು ದೇವರೆಂದು ಪೂಜಿಸುತ್ತೀರಾ?" ಕೇಳಿದವರ ಮನಸ್ಸಿನಲ್ಲಿ ಕುಹಕ ಇರುವುದಿಲ್ಲ. ಮಕ್ಕಳು ಮಕ್ಕಳನ್ನು ಕೇಳುವ ಸಹಜ ಕುತೂಹಲ ಅದು. ಆ ಪ್ರಶ್ನೆ ಸಂಜೆ ಮನೆಗೆ ಬರುತ್ತದೆ. ದಿನವಿಡೀ ದುಡಿದು ಬಂದ ಅಪ್ಪ, ಅಡುಗೆಮನೆಯಲ್ಲಿರುವ ಅಮ್ಮ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ದೊಡ್ಡವನಾದ ಮೇಲೆ ಗೊತ್ತಾಗುತ್ತದೆ, ಈಗ ಹೋಂವರ್ಕ್ ಮಾಡು" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಮಂಗಳೂರು, ಉಡುಪಿ, ಕಾರ್ಕಳ, ಕುಂದಾಪುರದ ಕಡೆಯಿಂದ ಕೊಲ್ಲಿಗೆ ಹೋದ ಕಥೋಲಿಕ ಕುಟುಂಬಗಳಿಗೆ ಪ್ರಾರ್ಥನೆ ಬಾರದೆಂದಲ್ಲ. ಪರಲೋಕ ಮಂತ್ರ, ನಮೋ ಮರಿಯ, ವಿಶ್ವಾಸ ಪ್ರಮಾಣ, ಪಶ್ಚಾತ್ತಾಪದ ಪ್ರಾರ್ಥನೆ, ಎಲ್ಲವೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪದೆ ಬರುತ್ತವೆ. ಅದು ನಮ್ಮ ಅಜ್ಜಿಯರು ಕೊಟ್ಟ ಆಸ್ತಿ. ಸಂಜೆ ಚರ್ಚಿನ ಆಮೊರಿ ಗಂಟೆ ಕೇಳಿದೊಡನೆ ಕೈಕಾಲು ತೊಳೆದು, ಅಲ್ತಾರಿನ ಮುಂದೆ ಮೊಣಕಾಲೂರಿ ತೇರ್ಸ್ ಹೇಳಿ, ಮುಗಿದ ಮೇಲೆ ಹಿರಿಯರ ಎದುರು ಕೈಮುಗಿದು ಬೆಸಾಂವ್ ಕೇಳಿದ ಮೇಲೆಯೇ ಊಟದ ತಟ್ಟೆ. ಆ ಶಿಸ್ತಿನಲ್ಲಿ ಬೆಳೆದವರೇ ಇವತ್ತು ಕುವೈತ್, ದುಬೈ, ಮಸ್ಕತ್, ದೋಹಾಗಳಲ್ಲಿ ದುಡಿಯುತ್ತಿದ್ದಾರೆ. ಕೊರತೆ ಇರುವುದು ಬೇರೆ ಕಡೆ. ಬಾಯಿಗೆ ಬಂದದ್ದರ ಅರ್ಥವನ್ನು ಕೇಳಿ ತಿಳಿಯುವ ಅಗತ್ಯ ನಮ್ಮ ಊರಿನಲ್ಲಿ ನಮಗೆ ಬರಲಿಲ್ಲ. ಸುತ್ತಮುತ್ತಲಿನ ವಾಡೆ, ಶಾಲೆ, ಹಬ್ಬ, ಮದುವೆ, ಎಲ್ಲವೂ ಸೇರಿ ನಮ್ಮ ವಿಶ್ವಾಸವನ್ನು ಎತ್ತಿ ಹಿಡಿದಿದ್ದವು. ಹೊರದೇಶದಲ್ಲಿ ಬೆಳೆಯುವ ಮಗುವಿಗೆ ಆ ಆಸರೆಗಳಿಲ್ಲ. ಅದಕ್ಕೆ ಬೇಕಾದದ್ದು ಉತ್ತರ.

ನನ್ನ ಅಭಿಪ್ರಾಯ ಇಷ್ಟೇ: ಇವತ್ತಿನ ದಿನಗಳಲ್ಲಿ ವಿಶ್ವಾಸ ಆಳವಾಗಬೇಕಾದರೆ ಹೊಸ ಹೊಸ ನೊವೆನಾಗಳನ್ನು ಹುಡುಕಿ ಹೋಗಬೇಕಾಗಿಲ್ಲ. ಈಗಾಗಲೇ ಹೇಳುತ್ತಿರುವ ಪ್ರಾರ್ಥನೆಗಳ ಅರ್ಥವನ್ನು ಮನೆಯಲ್ಲಿ ಕುಳಿತು ಕಲಿಯಬೇಕು. ಅಪ್ಪ ಒಂದು ದೇಶದಲ್ಲಿ, ಮಕ್ಕಳು ಇನ್ನೊಂದು ದೇಶದಲ್ಲಿ ಇರುವ ಮನೆಗೂ ಇದು ಸಾಧ್ಯ.

ಮೊದಲು ಕೊಲ್ಲಿಯ ಚಿತ್ರವನ್ನೇ ನೋಡೋಣ. ಅಲ್ಲಿ ಚರ್ಚ್ ಇಲ್ಲ, ಪೂಜೆ ಇಲ್ಲ ಎಂದು ಊರಿನಲ್ಲಿ ಕೆಲವರು ಇಂದಿಗೂ ತಿಳಿದಿದ್ದಾರೆ. ಅಬುಧಾಬಿಯಲ್ಲಿ ಮೊದಲ ಸಂತ ಜೋಸೆಫರ ಚರ್ಚ್ ತೆರೆದದ್ದು 1965ರಲ್ಲಿ. ದುಬೈಯ ಸೇಂಟ್ ಮೇರೀಸ್ ಚರ್ಚ್ 1967ರಲ್ಲಿ, ಅಲ್ಲಿನ ಅರಸರು ಕೊಟ್ಟ ಜಾಗದಲ್ಲಿ ಎದ್ದಿತು. ದೋಹಾದಲ್ಲಿ ಜಪಮಾಲೆ ಮಾತೆಯ ಚರ್ಚ್ 2008ರಲ್ಲಿ ಪವಿತ್ರೀಕರಣಗೊಂಡಿತು. ಬಹ್ರೈನಿನ ಅವಾಲಿಯಲ್ಲಿ ಅರೇಬಿಯಾ ಮಾತೆಯ ಪ್ರಧಾನಾಲಯ 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. 2019ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಅಬುಧಾಬಿಯ ಝಾಯೆದ್ ಕ್ರೀಡಾನಗರದಲ್ಲಿ ಬಲಿಪೂಜೆ ಅರ್ಪಿಸಿದಾಗ ನಮ್ಮೂರಿನವರೂ ರಾತ್ರಿಯಿಂದಲೇ ಬಸ್ಸುಗಳಲ್ಲಿ ಹೊರಟಿದ್ದರು.

ಸೌದಿ ಅರೇಬಿಯಾದ ಮಾತು ಬೇರೆ. ಅಲ್ಲಿ ಚರ್ಚ್‌ಗಳಿಲ್ಲ. ಜುಬೈಲ್, ದಮ್ಮಾಮ್, ರಿಯಾದ್‌ಗಳಲ್ಲಿ ದುಡಿಯುವ ನಮ್ಮವರಿಗೆ ರೂಮಿನಲ್ಲಿ ಮೌನವಾಗಿ ಹೇಳಿಕೊಳ್ಳುವ ಪ್ರಾರ್ಥನೆಯೇ ಎಲ್ಲ. ಊರಿಗೆ ರಜೆಗೆ ಬಂದಾಗ ಪಾಪನಿವೇದನೆ, ಪರಮಪ್ರಸಾದ. ಹೀಗೆ ವರ್ಷಕ್ಕೆ ಒಂದು ತಿಂಗಳು ಮಾತ್ರ ಪೂಜೆಗೆ ಹೋಗಲು ಸಾಧ್ಯವಾದ ಮನುಷ್ಯ ಆ ಒಂದು ತಿಂಗಳಲ್ಲಿ ಪೂಜೆಯನ್ನು ಹೇಗೆ ಕಾಣುತ್ತಾನೆ, ಪ್ರತಿ ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತು ಮೊಬೈಲ್ ನೋಡುವ ನಾವು ಹೇಗೆ ಕಾಣುತ್ತೇವೆ ಎಂಬುದನ್ನು ಸ್ವಲ್ಪ ಯೋಚಿಸಬಹುದು.

ಕೊಲ್ಲಿಯಲ್ಲಿರುವವರಿಗೆ ಇನ್ನೊಂದು ಪಾಠವೂ ಸಿಕ್ಕಿದೆ. ಜೊತೆಗೆ ಕೆಲಸ ಮಾಡುವ ಮುಸ್ಲಿಂ ಸಹೋದ್ಯೋಗಿ ದಿನಕ್ಕೆ ಐದು ಬಾರಿ ಕೆಲಸ ಬದಿಗಿಟ್ಟು ನಮಾಜಿಗೆ ನಿಲ್ಲುವುದನ್ನು, ರಂಜಾನಿನ ಬಿಸಿಲಲ್ಲಿ ಹನಿ ನೀರು ಕುಡಿಯದೆ ದುಡಿಯುವುದನ್ನು ಅವರು ಕಣ್ಣಾರೆ ಕಾಣುತ್ತಾರೆ. ದೇವರಿಗೆ ಹೊತ್ತು ಮೀಸಲಿಡುವುದು ಆಧುನಿಕ ಜೀವನಕ್ಕೆ ಹೊಂದದ ಸಂಗತಿ ಎಂಬ ಮಾತನ್ನು ಅಲ್ಲಿ ಯಾರೂ ನಂಬಲಾರರು. ಹೊತ್ತಿಲ್ಲ ಎಂಬ ನೆಪ ಹೆಚ್ಚಾಗಿ ಕೇಳಿಬರುವುದು ಊರಿನಲ್ಲಿರುವ ನಮ್ಮ ಮನೆಗಳಿಂದ.

ಊರಿನ ಮನೆಗಳ ಸ್ಥಿತಿ ಏನು? ವಿದೇಶದಿಂದ ದುಡ್ಡು ಬರುತ್ತದೆ. ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಮೇಣದಬತ್ತಿಯ ಹರಕೆ ಸಲ್ಲುತ್ತದೆ. ಮೊಂತಿ ಹಬ್ಬದ ತೆನೆ ಮನೆಗೆ ಬರುತ್ತದೆ, ಊರ ಚರ್ಚಿನ ಹೊಸ ಕಟ್ಟಡಕ್ಕೆ ದಾನಿಗಳ ಪಟ್ಟಿಯಲ್ಲಿ ಅಪ್ಪನ ಹೆಸರೂ ಇರುತ್ತದೆ. ಇವೆಲ್ಲ ಒಳ್ಳೆಯದೇ. ಆದರೆ ಸಂಜೆ ಏಳೂವರೆಗೆ ಅಲ್ತಾರಿನ ಮುಂದೆ ಯಾರಿರುತ್ತಾರೆ? ಅಜ್ಜಿ ಒಬ್ಬರೇ. ತಾಯಿಯ ಕೈಯಲ್ಲಿ ಫೋನು, ಮಗನ ಕೋಣೆಯ ಬಾಗಿಲು ಮುಚ್ಚಿದೆ, ಮಗಳಿಗೆ ಟ್ಯೂಷನ್. ತೇರ್ಸ್ ಯೂಟ್ಯೂಬಿನಲ್ಲಿ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ, ಮನೆಯವರು ತಮ್ಮಷ್ಟಕ್ಕೆ. ಅಜ್ಜಿ ತೀರಿಕೊಂಡ ಮೇಲೆ ಆ ಯೂಟ್ಯೂಬ್ ಕೂಡ ನಿಲ್ಲುತ್ತದೆ.

ಅರ್ಥ ಬಿಟ್ಟ ಪ್ರಾರ್ಥನೆಗೆ ಕಾಲಾಂತರದಲ್ಲಿ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಉದಾಹರಣೆಯಿದೆ. ಗೋವಾದಲ್ಲಿ ಪಾರ್ಥಿವ ಶರೀರವಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿಗೆ ಹೋಗಿ ಶುಭಸಂದೇಶ ಸಾರಿದರು. 1614ರಲ್ಲಿ ಅಲ್ಲಿನ ಆಡಳಿತ ಕ್ರೈಸ್ತ ಧರ್ಮವನ್ನು ಪೂರ್ತಿ ನಿಷೇಧಿಸಿತು. ಗುರುಗಳು ಹತರಾದರು, ಇಲ್ಲವೇ ಗಡಿಪಾರಾದರು. ಮುಂದೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಅಲ್ಲಿನ ರೈತರು, ಮೀನುಗಾರರು ಗುರುಗಳಿಲ್ಲದೆ, ಪೂಜೆಯಿಲ್ಲದೆ, ಮನೆಯೊಳಗೇ ದೀಕ್ಷಾಸ್ನಾನ ಕೊಡುತ್ತ, ಗುಟ್ಟಾಗಿ ಪ್ರಾರ್ಥಿಸುತ್ತ ವಿಶ್ವಾಸ ಉಳಿಸಿಕೊಂಡರು. 1865ರ ಮಾರ್ಚ್‌ನಲ್ಲಿ ನಾಗಾಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ಚರ್ಚಿಗೆ ಉರಾಕಾಮಿ ಎಂಬ ಊರಿನ ಕೆಲವರು ಬಂದು, ಫ್ರೆಂಚ್ ಗುರು ಪೆಟಿಜಾನ್ ಅವರ ಬಳಿ ತಾವೂ ಅದೇ ವಿಶ್ವಾಸದವರೆಂದು ತಿಳಿಸಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆ ಎಂದು ಕೇಳಿದರು. ಲೋಕವೇ ಬೆರಗಾದ ಘಟನೆ ಅದು.

ಈ ಕಥೆಯ ಇನ್ನರ್ಧವನ್ನು ನಾವು ಪ್ರವಚನಗಳಲ್ಲಿ ಕೇಳುವುದು ಕಡಿಮೆ. ಆ ಗುಪ್ತ ಕ್ರೈಸ್ತರಲ್ಲಿ ಹಲವರು ಧರ್ಮಸಭೆಗೆ ಮರಳಿದರು. ಮರಳದೆ ಉಳಿದವರೂ ಇದ್ದರು. ಅವರು 'ಒರಾಶೊ' ಎಂದು ಕರೆಯುವ ಪ್ರಾರ್ಥನೆಗಳನ್ನು ತಲೆಮಾರಿನಿಂದ ತಲೆಮಾರಿಗೆ ಬಾಯಿಪಾಠವಾಗಿ ದಾಟಿಸಿದ್ದರು. ಅದರಲ್ಲಿದ್ದ ಲ್ಯಾಟಿನ್, ಪೋರ್ಚುಗೀಸ್ ಪದಗಳ ಅರ್ಥ ಹೇಳುವವರು ಮಾತ್ರ ಯಾರೂ ಉಳಿದಿರಲಿಲ್ಲ. ಪ್ರಾರ್ಥನೆ ಹಿರಿಯರ ನೆನಪಿನ ಆಚರಣೆಯಾಗಿ ಉಳಿಯಿತು. ಮಕ್ಕಳು ಪಟ್ಟಣಕ್ಕೆ ಹೋದ ಮೇಲೆ ಅದನ್ನು ಮುಂದುವರಿಸುವವರೂ ಕಡಿಮೆಯಾದರು. ಹಿಂಸೆಯನ್ನು ಎದುರಿಸಿ ಗೆದ್ದ ಪ್ರಾರ್ಥನೆ ಅರ್ಥ ತಿಳಿಯದ ಕಾರಣಕ್ಕೆ ಸೊರಗಿತು. ಅವರಿಗಾದರೋ ಕಲಿಸುವವರು ಇರಲಿಲ್ಲ. ನಮಗೆ ಗುರುಗಳಿದ್ದಾರೆ, ಪುಸ್ತಕಗಳಿವೆ, ಧರ್ಮೋಪದೇಶದ ತರಗತಿಗಳಿವೆ. ಕೊಂಕಣಿ ಸರಿಯಾಗಿ ಬಾರದ, ಕನ್ನಡ ಓದಲು ಬಾರದ ನಮ್ಮ ಕೊಲ್ಲಿಯ ಮಕ್ಕಳು ಅಜ್ಜಿಯ ಜೊತೆ ಫೋನಿನಲ್ಲಿ ಹೇಳುವ ನಮೋ ಮರಿಯ ನಾಳೆ ಇನ್ನೊಂದು ಒರಾಶೊ ಆಗಬಾರದು.

ಹಾಗಾದರೆ ಮಗುವಿನ ಪ್ರಶ್ನೆಗೆ ಉತ್ತರವೇನು? ಮೂರು ದೇವರೇ? ಇಲ್ಲ. ದೇವರು ಒಬ್ಬರೇ. ಪೂಜೆಯಲ್ಲಿ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣ ಆರಂಭವಾಗುವುದೇ ಒಬ್ಬರೇ ದೇವರಲ್ಲಿ ವಿಶ್ವಾಸವಿಡುವ ಮಾತಿನಿಂದ. ಯೇಸು ದೇವರು ಸೃಷ್ಟಿಸಿದ ಒಬ್ಬ ಶ್ರೇಷ್ಠ ಜೀವಿಯೇ, ಅಥವಾ ಪಿತನೊಡನೆ ಒಂದೇ ಸತ್ವದವರೇ ಎಂಬ ಪ್ರಶ್ನೆ ಎದ್ದಾಗ, ಕ್ರಿ.ಶ. 325ರಲ್ಲಿ ಇಂದಿನ ಟರ್ಕಿಯಲ್ಲಿರುವ ನಿಸೇಯದಲ್ಲಿ ಧರ್ಮಾಧ್ಯಕ್ಷರು ಸಭೆ ಸೇರಿ ಒಂದೇ ಸತ್ವದವರು ಎಂದು ಸಾರಿದರು. ಪಿತ, ಸುತ, ಪವಿತ್ರಾತ್ಮ ಎಂಬುದು ಒಬ್ಬರೇ ದೇವರ ಒಳಜೀವನದ ಸತ್ಯ. ಬೇರೆ ಬೇರೆ ಮೂರು ದೇವರುಗಳ ಪಟ್ಟಿಯೆಂದು ಅದನ್ನು ಓದಬಾರದು. ದೇವರು ಪ್ರೀತಿ ಎಂದು ನಾವು ಹೇಳುತ್ತೇವೆ. ಪ್ರೀತಿಗೆ ಪ್ರೀತಿಸುವವರು, ಪ್ರೀತಿಗೆ ಪಾತ್ರರಾದವರು ಬೇಕು. ಲೋಕ ಸೃಷ್ಟಿಯಾಗುವ ಮೊದಲೂ ದೇವರೊಳಗೆ ಪ್ರೀತಿ ಇತ್ತು ಎಂಬುದನ್ನೇ ತ್ರಿಯೇಕದ ಬೋಧನೆ ಹೇಳುತ್ತದೆ. ಇದು ಪೂರ್ತಿ ಅಳೆದು ಮುಗಿಸುವ ಸಂಗತಿಯಲ್ಲ. ಆದರೆ ಹತ್ತು ವರ್ಷದ ಮಗುವಿಗೆ ಇಷ್ಟು ಹೇಳಿದರೆ ಅದು ತಲೆ ತಗ್ಗಿಸಬೇಕಾಗಿಲ್ಲ.

ಮಾತೆ ಮರಿಯಳ ವಿಷಯವೂ ಹೀಗೆಯೇ. ಆರಾಧನೆ ದೇವರಿಗೆ ಮಾತ್ರ. ಮರಿಯಳಲ್ಲಿ, ಸಂತರಲ್ಲಿ ನಾವು ಬೇಡುವುದು ನಮಗಾಗಿ ದೇವರಲ್ಲಿ ಪ್ರಾರ್ಥಿಸಿ ಎಂದು. ವಿಮಾನ ಹತ್ತುವ ಮೊದಲು ಅಮ್ಮನಿಗೆ "ನನಗಾಗಿ ಪ್ರಾರ್ಥಿಸು" ಎಂದು ಹೇಳಿ ಹೋಗುತ್ತೇವಲ್ಲ, ಅದೇ ರೀತಿ. ಮರಿಯಳ ಹೆಸರು, ಯೇಸುವಿನ ಹೆಸರು ಕುರಾನಿನಲ್ಲೂ ಗೌರವದಿಂದ ಬಂದಿದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿದ್ದರೆ ಪಕ್ಕದ ಗೆಳತಿಯ ಜೊತೆ ಮಾತು ಜಗಳವಾಗದೆ ಮುಂದುವರಿಯುತ್ತದೆ.

ಇನ್ನು ತೇರ್ಸ್. ಮಣಿ ಎಣಿಸಿ ಮುಗಿಸುವುದೇ ತೇರ್ಸ್ ಎಂದು ಅನೇಕ ಮಕ್ಕಳು ತಿಳಿದಿದ್ದಾರೆ, ಅದಕ್ಕೇ ಬೇಸರ. ಪ್ರತಿ ಹತ್ತು ನಮೋ ಮರಿಯ ಹೇಳುವಾಗ ಯೇಸುವಿನ ಬದುಕಿನ ಒಂದು ಘಟನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಅದರ ಜೀವಾಳ. ಸಂತೋಷ, ದುಃಖ, ಮಹಿಮೆಯ ರಹಸ್ಯಗಳ ಜೊತೆಗೆ 2002ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಬೆಳಕಿನ ರಹಸ್ಯಗಳನ್ನೂ ಸೇರಿಸಿದರು. ಸಂತೋಷದ ಎರಡನೇ ರಹಸ್ಯವನ್ನು ನೋಡಿ: ಗರ್ಭಿಣಿಯಾದ ಬಂಧು ಎಲಿಜಬೇತಳಿಗೆ ಸಹಾಯ ಮಾಡಲು ಮರಿಯ ದೂರದ ಗುಡ್ಡಗಾಡಿನ ಊರಿಗೆ ಹೋಗುತ್ತಾಳೆ. ಮಗಳ ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ, ಮೊದಲ ಸಲ ವಿಮಾನ ಹತ್ತಿ ಶಾರ್ಜಾಕ್ಕೆ ಹೋದ ನಮ್ಮೂರಿನ ತಾಯಂದಿರಿಗೆ ಈ ರಹಸ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಐದನೇ ರಹಸ್ಯದಲ್ಲಿ ಹನ್ನೆರಡು ವರ್ಷದ ಮಗನನ್ನು ಕಾಣದೆ ಮೂರು ದಿನ ಹುಡುಕಿದ ತಂದೆತಾಯಿಯ ಸಂಕಟವಿದೆ. ಮಗ ಬೆಳೆಯುವುದನ್ನು ವಿಡಿಯೊ ಕರೆಯಲ್ಲಿ ಮಾತ್ರ ಕಂಡ ಅಪ್ಪಂದಿರ ಸಂಕಟಕ್ಕೂ ಅಲ್ಲಿ ಜಾಗವಿದೆ. ಹೀಗೆ ಒಂದೊಂದು ರಹಸ್ಯಕ್ಕೆ ಎರಡು ಮಾತು ಸೇರಿಸಿದರೆ ತೇರ್ಸ್ ಐದು ನಿಮಿಷ ಉದ್ದವಾಗಬಹುದು. ಮಕ್ಕಳು ಆಕಳಿಸುವುದು ಕಡಿಮೆಯಾಗುತ್ತದೆ.

ಪರಲೋಕ ಮಂತ್ರವನ್ನೂ ಒಮ್ಮೆ ನಿಧಾನವಾಗಿ ನೋಡೋಣ. ಅದರಲ್ಲಿ ಏಳು ಬೇಡಿಕೆಗಳಿವೆ. ಮೊದಲ ಮೂರು ದೇವರ ನಾಮ, ರಾಜ್ಯ, ಚಿತ್ತಕ್ಕೆ ಸಂಬಂಧಿಸಿದವು. ಅನ್ನದ ಬೇಡಿಕೆ ಬರುವುದು ನಾಲ್ಕನೆಯದಾಗಿ. ನಮ್ಮ ಪ್ರಾರ್ಥನೆಗಳು ಸಾಮಾನ್ಯವಾಗಿ ಆರಂಭವಾಗುವುದೇ ಅಲ್ಲಿಂದ: ವೀಸಾ ಆಗಲಿ, ಕೆಲಸ ಖಾಯಂ ಆಗಲಿ, ಮಗಳ ಪರೀಕ್ಷೆ ಪಾಸಾಗಲಿ. ಬೇಡುವುದು ತಪ್ಪಲ್ಲ, ಯೇಸುವೇ ಬೇಡಲು ಕಲಿಸಿದ್ದಾರೆ. ಆದರೆ ಅಲ್ಲಿಗೇ ನಿಂತರೆ ಕೆಲಸ ಹೋದ ದಿನ ವಿಶ್ವಾಸವೂ ಹೋಗುತ್ತದೆ. ಕಂಪನಿ ಮುಚ್ಚಿ, ಬಾಕಿ ಸಂಬಳ ಸಿಗದೆ ಊರಿಗೆ ಮರಳಿದ ಮನೆಗಳಲ್ಲಿ "ಇಷ್ಟು ಪ್ರಾರ್ಥನೆ ಮಾಡಿ ಏನು ಸಿಕ್ಕಿತು?" ಎಂಬ ಮಾತು ಕೇಳಿದವರಿಗೆ ಇದು ಗೊತ್ತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ ನಾಲ್ಕು ಭಾಗಗಳಿವೆ: ವಿಶ್ವಾಸ, ಸಂಸ್ಕಾರಗಳು, ಕ್ರಿಸ್ತೀಯ ನಡತೆ, ಪ್ರಾರ್ಥನೆ. ನಾಲ್ಕನೇ ಭಾಗದಲ್ಲಿ ಪ್ರಾರ್ಥನೆಯ ರೂಪಗಳೆಂದು ಆರಾಧನೆ, ಬೇಡಿಕೆ, ಇತರರಿಗಾಗಿ ಮಾಡುವ ಬಿನ್ನಹ, ಕೃತಜ್ಞತೆ, ಸ್ತುತಿ ಇವುಗಳನ್ನು ಹೇಳಲಾಗಿದೆ. ಐದರಲ್ಲಿ ಬೇಡಿಕೆ ಒಂದು ಮಾತ್ರ.

ಐದನೆಯ ಬೇಡಿಕೆ ಇನ್ನೂ ಕಠಿಣ. ನಾವು ಇತರರನ್ನು ಕ್ಷಮಿಸುವಂತೆ ನಮ್ಮನ್ನು ಕ್ಷಮಿಸಿ ಎಂದು ಕೇಳುತ್ತೇವೆ. ಅರ್ಥ ತಿಳಿದು ಇದನ್ನು ಹೇಳಿದರೆ ಗಂಟಲು ಕಟ್ಟಬೇಕು. ತಾನು ಕಳುಹಿಸಿದ ದುಡ್ಡಿನಿಂದ ತಮ್ಮ ಕಟ್ಟಿಸಿದ ಮನೆಯ ವಿಷಯಕ್ಕೆ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲಿ ಇದ್ದಾರೆ. ಇಬ್ಬರೂ ಪ್ರತಿ ಭಾನುವಾರ ಇದೇ ಪ್ರಾರ್ಥನೆ ಹೇಳುತ್ತಾರೆ, ಒಬ್ಬ ಊರಿನಲ್ಲಿ, ಇನ್ನೊಬ್ಬ ಕೊಲ್ಲಿಯಲ್ಲಿ. ಧರ್ಮಬೋಧನೆ ಎಂದರೆ ಪುಸ್ತಕದ ಮಾತು ಎನ್ನುವವರು ಇಲ್ಲಿ ನೋಡಬೇಕು. ಮನೆಗೆಲಸದವಳಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡುವುದು, ಲೇಬರ್ ಕ್ಯಾಂಪಿನಲ್ಲಿ ಕಾಯಿಲೆ ಬಿದ್ದವನನ್ನು ಯಾವ ಊರು, ಯಾವ ಧರ್ಮ ಎಂದು ಕೇಳದೆ ಆಸ್ಪತ್ರೆಗೆ ಒಯ್ಯುವುದು, ಗಂಡ ಹೆಂಡತಿ ದೂರವಿದ್ದೂ ಒಬ್ಬರಿಗೊಬ್ಬರು ನಿಷ್ಠರಾಗಿರುವುದು, ಇವೆಲ್ಲ ಅದೇ ಬೋಧನೆಯ ಪಾಠಗಳು.

ಆಧುನಿಕ ಜೀವನ ಎಂದಾಗ ಮೊಬೈಲನ್ನು ದೂರುವುದು ಸುಲಭ. 2020ರಲ್ಲಿ ಕೊರೊನಾ ಕಾಲದಲ್ಲಿ ಚರ್ಚ್‌ಗಳು ಮುಚ್ಚಿದ್ದಾಗ ಅದೇ ಮೊಬೈಲಿನಲ್ಲಿ ನಾವು ಪೂಜೆ ನೋಡಿದೆವು. ಸೌದಿಯಲ್ಲಿರುವವರಿಗೆ ಇಂದಿಗೂ ಅದು ದೊಡ್ಡ ಸಮಾಧಾನ. ಆದರೆ ಚರ್ಚ್ ಹತ್ತಿರವಿದ್ದೂ ಮಂಚದ ಮೇಲೆ ಒರಗಿ ಪರದೆಯಲ್ಲಿ ಪೂಜೆ ನೋಡುವವರಿಗೆ ಆ ಮಾತು ಅನ್ವಯಿಸುವುದಿಲ್ಲ. ಪರಮಪ್ರಸಾದವನ್ನು ಪರದೆಯಿಂದ ಸ್ವೀಕರಿಸಲು ಬರುವುದಿಲ್ಲ. ಹನ್ನೆರಡು ಮಂದಿಗೆ ಫಾರ್ವರ್ಡ್ ಮಾಡಿದರೆ ಪವಾಡ, ಮಾಡದಿದ್ದರೆ ಕೇಡು ಎಂಬ ವಾಟ್ಸ್ಆ್ಯಪ್ ಸಂದೇಶಗಳು ಕುಟುಂಬದ ಗ್ರೂಪಿನಲ್ಲಿ ಓಡಾಡುತ್ತವಲ್ಲ, ಅವು ಪ್ರಾರ್ಥನೆಯಲ್ಲ, ಮೂಢನಂಬಿಕೆ. ದೇವರನ್ನು ಹೆದರಿಸಿ ಒಪ್ಪಿಸುವ ವ್ಯವಹಾರ ನಮ್ಮ ಧರ್ಮದಲ್ಲಿಲ್ಲ. ಹಣ ಕಳುಹಿಸಿದರೆ ಗುಣವಾಗುತ್ತದೆ ಎನ್ನುವ ವಿಡಿಯೊಗಳಿಗೂ ಇದೇ ಮಾತು. ಯಾವುದು ಧರ್ಮಸಭೆಯ ಬೋಧನೆ, ಯಾವುದು ಅಲ್ಲ ಎಂದು ಗುರುತಿಸಲು ನಮಗೆ ಬೋಧನೆಯ ಪರಿಚಯ ಬೇಕು. ಮೋಸ ಹೋಗದಿರಲಿಕ್ಕಾದರೂ ಅದು ಬೇಕು.

ಅದೇ ತಂತ್ರಜ್ಞಾನವನ್ನು ಒಬ್ಬ ಹುಡುಗ ಹೇಗೆ ಬಳಸಿದ ಎಂದು ಮಕ್ಕಳಿಗೆ ಹೇಳಬಹುದು. ಇಟಲಿಯ ಕಾರ್ಲೊ ಅಕುಟಿಸ್ ಕಂಪ್ಯೂಟರ್ ಪ್ರೀತಿಸುತ್ತಿದ್ದ ಸಾಮಾನ್ಯ ಹುಡುಗ. ಪರಮಪ್ರಸಾದದ ಪವಾಡಗಳ ಬಗ್ಗೆ ಮಾಹಿತಿ ಕಲೆಹಾಕಿ ವೆಬ್‌ಸೈಟ್ ಮಾಡಿದ. 2006ರಲ್ಲಿ, 15ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೋ ಅವನನ್ನು ಸಂತನೆಂದು ಘೋಷಿಸಿದರು. ಜೀನ್ಸ್, ಸ್ನೀಕರ್ಸ್ ಹಾಕಿದ ಸಂತನ ಚಿತ್ರ ನಮ್ಮ ಹದಿಹರೆಯದವರಿಗೆ ಬೇಗ ಹತ್ತಿರವಾಗುತ್ತದೆ.

"ನಾವು ಸಾಮಾನ್ಯ ಜನ, ಸಿದ್ಧಾಂತ ಗುರುಗಳಿಗೆ ಬಿಟ್ಟದ್ದು" ಎಂದು ಕೆಲವರು ಹೇಳಬಹುದು. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆದು, ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರಬೇಕಾದವರು ತಂದೆತಾಯಿ ಎಂದಿದೆ. ಗುರುಗಳು ವಾರಕ್ಕೊಮ್ಮೆ ಸಿಗುತ್ತಾರೆ, ಅದೂ ಸಾವಿರಾರು ಜನರ ನಡುವೆ. "ಇದನ್ನೆಲ್ಲ ಹೆಚ್ಚು ಕಲಿತರೆ ಬೇರೆ ಧರ್ಮದವರ ಜೊತೆ ಜಗಳ ಬರುತ್ತದೆ" ಎಂಬ ಆತಂಕವೂ ಇದೆ. ನಿಜಕ್ಕೂ ಜಗಳ ಬರುವುದು ಅರೆಬರೆ ತಿಳಿದಾಗ. ಒಬ್ಬರೇ ದೇವರನ್ನು ಆರಾಧಿಸುವ ಮುಸ್ಲಿಮರನ್ನು ಗೌರವದಿಂದ ಕಾಣಬೇಕೆಂದು ಅದೇ ಮಹಾಸಭೆ 1965ರಲ್ಲಿ ಹೇಳಿತು. 2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಅಲ್ ಅಝ್ಹರಿನ ಗ್ರ್ಯಾಂಡ್ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಮಾನವ ಭ್ರಾತೃತ್ವದ ದಾಖಲೆಗೆ ಸಹಿ ಹಾಕಿದರು. ತಮ್ಮ ಧರ್ಮವನ್ನು ಆಳವಾಗಿ ತಿಳಿದ ಇಬ್ಬರು ಅಂದು ಒಂದೇ ಮೇಜಿನಲ್ಲಿ ಕುಳಿತಿದ್ದರು.

"ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದವನಿಗೆ ಇನ್ನೇನು ಓದಲು ಆಗುತ್ತದೆ?" ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅವನ ತಲೆಯ ಮೇಲೆ ಇನ್ನೊಂದು ಹೊರೆ ಹೇರಬಾರದು. ಅದಕ್ಕೇ ನಾನು ಸೂಚಿಸುವ ದಾರಿ ಚಿಕ್ಕದು.

ಕುವೈತ್, ಕತಾರ್, ಬಹ್ರೈನ್, ಒಮಾನ್‌ಗಳಲ್ಲಿ ವಾರದ ರಜೆ ಶುಕ್ರವಾರ. ಆದ್ದರಿಂದ ಭಾನುವಾರದ ಪೂಜಾವಿಧಿಯೇ ಅಲ್ಲಿ ಶುಕ್ರವಾರವೂ ನಡೆಯುತ್ತದೆ. ಯುಎಇಯಲ್ಲಿ 2022ರಿಂದ ಶನಿವಾರ, ಭಾನುವಾರ ರಜೆಯಾದರೂ ಅಲ್ಲಿಯೂ ವಾರಾಂತ್ಯದ ಪೂಜೆಗಳು ಹಲವು. ನಮ್ಮ ಲ್ಯಾಟಿನ್ ವಿಧಿಯಲ್ಲಿ ಭಾನುವಾರದ ವಾಚನಗಳು ಮೂರು ವರ್ಷಗಳ ಸರದಿಯಲ್ಲಿ ಬರುತ್ತವೆ, ಮತ್ತು ಲೋಕದೆಲ್ಲೆಡೆ ಹೆಚ್ಚುಕಡಿಮೆ ಅವೇ. ಅಂದರೆ ಅಪ್ಪ ಶುಕ್ರವಾರ ಸಾಲ್ಮಿಯಾದ ಚರ್ಚಿನಲ್ಲಿ ಕೇಳಿದ ಶುಭಸಂದೇಶವನ್ನೇ ಮಕ್ಕಳು ಭಾನುವಾರ ಶಿರ್ವದ ಚರ್ಚಿನಲ್ಲಿ ಕೇಳುತ್ತಾರೆ. ನಡುವೆ ಎರಡು ದಿನ ಇವೆ. ಶುಕ್ರವಾರ ರಾತ್ರಿಯ ಫೋನಿನಲ್ಲಿ ಅಪ್ಪ ಒಂದು ಪ್ರಶ್ನೆ ಕೊಡಲಿ: "ಆ ಕಥೆಯಲ್ಲಿ ದೊಡ್ಡ ಮಗನಿಗೆ ಸಿಟ್ಟು ಬಂದದ್ದು ಯಾಕೆ? ಭಾನುವಾರ ಕೇಳಿ ಹೇಳು." ಭಾನುವಾರ ಮಕ್ಕಳು ಉತ್ತರ ಹೇಳಲಿ. ಊಟ ಆಯಿತಾ, ಫೀಸ್ ಕಟ್ಟಿದ್ದೀರಾ, ಮಳೆ ಇದೆಯಾ ಎಂಬಲ್ಲಿಗೆ ಮುಗಿಯುವ ಕರೆಗೆ ಒಂದು ಹೊಸ ಮಾತು ಸೇರುತ್ತದೆ. ಮಗ ಅಪ್ಪನ ಮನಸ್ಸನ್ನು ತಿಳಿಯುತ್ತಾನೆ.

ಎರಡನೆಯದು ಹೊತ್ತು. ಊರಿನಲ್ಲಿ ರಾತ್ರಿ ಒಂಬತ್ತೂವರೆ ಆದಾಗ ದುಬೈ, ಮಸ್ಕತ್‌ಗಳಲ್ಲಿ ಎಂಟು, ಕುವೈತ್, ರಿಯಾದ್, ದೋಹಾಗಳಲ್ಲಿ ಏಳು. ವಾರಕ್ಕೆ ಎರಡು ದಿನ ಆ ಹೊತ್ತಿಗೆ ವಿಡಿಯೊ ಕರೆಯಲ್ಲಿ ತೇರ್ಸಿನ ಒಂದೇ ಒಂದು ರಹಸ್ಯ, ಹತ್ತು ನಮೋ ಮರಿಯ. ಅದರ ಮೊದಲು ಆ ರಹಸ್ಯದ ಬಗ್ಗೆ ಎರಡು ವಾಕ್ಯ. ಕೊನೆಗೆ ಮಕ್ಕಳು ಬೆಸಾಂವ್ ಕೇಳಲಿ. ಪರದೆಯ ಆಚೆಯಿಂದ ಅಪ್ಪ ಕೈಯೆತ್ತಿ ಆಶೀರ್ವದಿಸಲಿ. ಅದಕ್ಕೆ ಹತ್ತು ನಿಮಿಷ ಸಾಕು.

ಮೂರನೆಯದು, ಮನೆಯಲ್ಲಿ ಒಂದು ಪುಸ್ತಕ. ಧರ್ಮೋಪದೇಶದ ಸಂಕ್ಷಿಪ್ತ ರೂಪ 2005ರಲ್ಲಿ ಬಂದಿದೆ. 598 ಪ್ರಶ್ನೆಗಳು, ಚುಟುಕಾದ ಉತ್ತರಗಳು. ಯುವಜನರಿಗೆಂದು 2011ರಲ್ಲಿ 'ಯೂಕ್ಯಾಟ್' ಬಂತು. ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಇದು ಸುಲಭ. ವಾರಕ್ಕೆ ಒಂದು ಪ್ರಶ್ನೆ ಸಾಕು, ಮಗನೇ ಓದಿ ಅಜ್ಜಿಗೆ ತನಗೆ ಬಂದ ಭಾಷೆಯಲ್ಲಿ ಹೇಳಲಿ. ಅಜ್ಜಿಗೆ ಬಾಯಿಪಾಠ ಬರುತ್ತದೆ, ಮೊಮ್ಮಗನಿಗೆ ಅರ್ಥ ಸಿಗುತ್ತದೆ. ಇಬ್ಬರೂ ಕೊಟ್ಟು ತೆಗೆದುಕೊಳ್ಳಲಿ.

ಇವತ್ತು ಕೊಲ್ಲಿಯಲ್ಲಿ ಓದುತ್ತಿರುವ ಮಕ್ಕಳಲ್ಲಿ ಅನೇಕರು ನಾಳೆ ಊರಿಗೂ ಬರುವುದಿಲ್ಲ, ಕೊಲ್ಲಿಯಲ್ಲೂ ಇರುವುದಿಲ್ಲ. ಕೆನಡಾ, ಆಸ್ಟ್ರೇಲಿಯಾ, ಜರ್ಮನಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ಪೂಜೆಗೆ ಎಬ್ಬಿಸುವ ಅಮ್ಮ ಇರುವುದಿಲ್ಲ, ಹೋಗದಿದ್ದರೆ ಕೇಳುವ ಗುರ್ಕಾರರೂ ಇರುವುದಿಲ್ಲ. ಯಾರ ಒತ್ತಾಯವೂ ಇಲ್ಲದ ಆ ಊರಿನಲ್ಲಿ ಒಂಟಿ ಕೋಣೆಯ ಭಾನುವಾರ ಬೆಳಿಗ್ಗೆ ಏಳಬೇಕೋ ಬೇಡವೋ ಎಂದು ಅವರೇ ನಿರ್ಧರಿಸಬೇಕು. ಆಗ ಅವರನ್ನು ಎಬ್ಬಿಸುವುದು ತಾವು ಏನನ್ನು ನಂಬುತ್ತೇವೆ, ಯಾಕೆ ನಂಬುತ್ತೇವೆ ಎಂಬ ತಿಳಿವಳಿಕೆ ಮಾತ್ರ. ನಾವು ಅವರ ಓದಿಗಾಗಿ ಬೇರೆ ಬೇರೆ ದೇಶಗಳಲ್ಲಿ ಬಾಳುತ್ತೇವೆ, ಹೊಟ್ಟೆ ಬಟ್ಟೆ ಕಟ್ಟಿ ಉಳಿಸುತ್ತೇವೆ. ಅದರ ಜೊತೆಗೆ ವಾರಕ್ಕೆ ಅರ್ಧ ಗಂಟೆ ಇದಕ್ಕೂ ಇಡೋಣ. ಬರುವ ಶುಕ್ರವಾರದ ಕರೆಯಿಂದಲೇ ಆರಂಭಿಸಬಹುದು.